ಹಿಂದೆ ಕಿಡ್ನಿ ಆಪರೇಷನ್ ಆದವರಿಗೆ ಮತ್ತೆ ಕಲ್ಲು ಬಂದರೆ: ದುರ್ಬೀನ್ ಚಿಕಿತ್ಸೆಯ ಹಂತ ಹಂತದ ದಾರಿ

‘ಹಿಂದೆ ಪಕ್ಕೆ ಕೊಯ್ದು ಕಲ್ಲು ತೆಗೆದಿದ್ದರು. ಈಗ ಅದೇ ಕಿಡ್ನಿಯಲ್ಲಿ ಮತ್ತೆ ಕಲ್ಲು. ನಮಗೂ ದುರ್ಬೀನ್ ಆಪರೇಷನ್ ಆಗುತ್ತದೆಯೇ, ಇಲ್ಲ ಮತ್ತೆ ಕೊಯ್ಯಲೇಬೇಕೇ?’ ಆಳಂದ, ಭಾಲ್ಕಿ, ಸುರಪುರ, ಎಲ್ಲ ಕಡೆಯಿಂದಲೂ ಓದುಗರು ಈ ಪ್ರಶ್ನೆಯನ್ನು ಕೇಳುತ್ತಲೇ ಇದ್ದಾರೆ. ನಮ್ಮ ಭಾಗದಲ್ಲಿ ಇದು ಸಹಜವೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹೊಲದಲ್ಲೋ ಗಣಿಯಲ್ಲೋ ದಿನವಿಡೀ ದುಡಿಮೆ, ಕುಡಿಯುವ ನೀರು ಮಾತ್ರ ಕಡಿಮೆ. ಬೆವರಾಗಿ ಹೋದ ನೀರನ್ನು ತುಂಬಿಕೊಳ್ಳದಿದ್ದರೆ ಮೂತ್ರ ಗಟ್ಟಿಯಾಗಿ ಅದರಲ್ಲಿನ ಲವಣಗಳು ಹರಳುಗಟ್ಟುತ್ತವೆ. ಒಮ್ಮೆ ಕಲ್ಲಾದವರಿಗೆ ಮತ್ತೊಮ್ಮೆ ಆಗುವ ಸಂಭವ ಹೆಚ್ಚು.

ಪ್ರಶ್ನೆಗೆ ಉತ್ತರ: ಬಹುತೇಕರಿಗೆ ದುರ್ಬೀನ್ ಆಪರೇಷನ್ ಆಗುತ್ತದೆ. ಹಳೆಯ ಹೊಲಿಗೆಯ ಗುರುತು ಇದ್ದ ಮಾತ್ರಕ್ಕೆ ಮತ್ತೆ ಪಕ್ಕೆ ಕೊಯ್ಯಬೇಕಾಗಿಲ್ಲ. ಅನುಭವಿ ಕೈಗಳಲ್ಲಿ ಇಂಥ ರೋಗಿಗಳ ಫಲಿತಾಂಶವೂ ಮೊದಲ ಬಾರಿಗೆ ಆಪರೇಷನ್ ಆಗುವವರಿಗೆ ಹತ್ತಿರದಲ್ಲೇ ಇರುತ್ತದೆ. ಸಮಯ ತುಸು ಹೆಚ್ಚು ಹಿಡಿಯಬಹುದು, ಸೂಜಿಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸಲು ಹೆಚ್ಚು ಪ್ರಯತ್ನ ಬೇಕಾಗಬಹುದು. ಆದರೆ ನಿಮ್ಮ ಹಳೆಯ ಆಪರೇಷನ್ನಿನ ಪೂರ್ತಿ ವಿವರ ಹೊಸ ವೈದ್ಯರ ಕೈಗೆ ಮೊದಲೇ ಸಿಗಬೇಕು. ಅಪಾಯ ಬರುವುದು ಹಳೆಯ ಗಾಯದಿಂದ ಎನ್ನುವುದಕ್ಕಿಂತ, ಆ ಗಾಯದ ಕಥೆ ಹೇಳದೆ ಉಳಿದುಬಿಡುವುದರಿಂದ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ನಮ್ಮ ಕಡೆ ‘ದುರ್ಬೀನ್ ಆಪರೇಷನ್’ ಎಂದು ಕರೆಯುವುದರಲ್ಲಿ ಮುಖ್ಯವಾದದ್ದು ಪಿಸಿಎನ್‌ಎಲ್. ಬೆನ್ನಿನ ಬದಿಯಿಂದ ಕಿಡ್ನಿಯವರೆಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ದಾರಿ ಮಾಡಿ, ಅದರಲ್ಲಿ ದುರ್ಬೀನು ಇಳಿಸಿ, ಕಲ್ಲನ್ನು ಒಡೆದು ಹೊರತೆಗೆಯುವ ವಿಧಾನ. 1976ರಲ್ಲಿ ಸ್ವೀಡನ್ನಿನ ವೈದ್ಯರು ಇದನ್ನು ಮೊದಲು ವರದಿ ಮಾಡಿದರು. 2 ಸೆಂ.ಮೀ.ಗಿಂತ ದೊಡ್ಡ ಕಲ್ಲಿಗೆ ಇಂದು ಜಗತ್ತಿನೆಲ್ಲೆಡೆ ಮೊದಲ ಆಯ್ಕೆ ಇದೇ. ಇನ್ನೂ ಸಣ್ಣ ದಾರಿಯಲ್ಲಿ ಮಾಡುವುದು ಮಿನಿ ಪಿಸಿಎನ್‌ಎಲ್.

ಎರಡನೆಯದು ಆರ್‌ಐಆರ್‌ಎಸ್. ಇಲ್ಲಿ ಎಲ್ಲಿಯೂ ಕೊಯ್ಯುವುದಿಲ್ಲ. ಮೂತ್ರ ಬರುವ ದಾರಿಯಿಂದಲೇ ಬಾಗುವ ತೆಳು ದುರ್ಬೀನು ಕಿಡ್ನಿಯವರೆಗೆ ಹೋಗಿ, ಲೇಸರ್‌ನಿಂದ ಕಲ್ಲನ್ನು ಪುಡಿ ಮಾಡುತ್ತದೆ. ಮೂರನೆಯದು ಇಎಸ್‌ಡಬ್ಲ್ಯುಎಲ್, ಅಂದರೆ ದೇಹದ ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯುವುದು. ಇವೆರಡೂ ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ಚಿಕ್ಕ ಕಲ್ಲುಗಳಿಗೆ. ಸಿಟಿ ವರದಿಯಲ್ಲಿ ಕಲ್ಲಿನ ಗಡಸುತನವನ್ನು ‘ಎಚ್‌ಯು’ ಎಂಬ ಸಂಖ್ಯೆಯಲ್ಲಿ ಬರೆದಿರುತ್ತಾರೆ. ಅದು 1000 ದಾಟಿದ್ದರೆ ಆಘಾತ ತರಂಗಕ್ಕೆ ಕಲ್ಲು ಒಡೆಯುವುದು ಕಷ್ಟ.

ಇನ್ನು ಹಳೆಯ ಆಪರೇಷನ್ ಏನು ಬದಲಿಸಿರುತ್ತದೆ? ಕಿಡ್ನಿಯ ಸುತ್ತ ಮೆತ್ತನೆಯ ಕೊಬ್ಬಿನ ಹೊದಿಕೆ ಇರುತ್ತದೆ. ಒಮ್ಮೆ ಕೊಯ್ದ ಮೇಲೆ ಆ ಜಾಗದಲ್ಲಿ ಗಡಸು ನಾರಿನಂಥ ಅಂಗಾಂಶ ಬೆಳೆದು ಕಿಡ್ನಿ ಸುತ್ತಲಿನ ಸ್ನಾಯುಗಳಿಗೆ ಅಂಟಿಕೊಂಡಿರುತ್ತದೆ. ಸೂಜಿ ಹಾದುಹೋದರೂ ಅದರ ಹಿಂದೆ ದಾರಿ ಅಗಲ ಮಾಡುವ ಕೊಳವೆಗಳು ಆ ನಾರಿಗೆ ಸಿಕ್ಕಿ ನಿಲ್ಲುತ್ತವೆ, ಒಳಗಿನ ತಂತಿ ಬಾಗುತ್ತದೆ. ಬಲೂನು ಉಬ್ಬಿಸಿ ದಾರಿ ಮಾಡುವ ಕ್ರಮ ಇಂಥವರಲ್ಲಿ ಕೆಲವೊಮ್ಮೆ ಸೋಲುತ್ತದೆ. ಆಗ ಗಟ್ಟಿ ತಂತಿ, ಲೋಹದ ಕೊಳವೆಗಳನ್ನು ಬಳಸುತ್ತಾರೆ. ಕಿಡ್ನಿಯೊಳಗೆ ಮೂತ್ರ ತುಂಬುವ ಬಟ್ಟಲುಗಳ ಆಕಾರವೂ ಬದಲಾಗಿರಬಹುದು, ಅವುಗಳ ಕತ್ತು ಕಿರಿದಾಗಿರಬಹುದು. ದೊಡ್ಡ ಕರುಳು ತನ್ನ ಜಾಗ ಬಿಟ್ಟು ಕಿಡ್ನಿಯ ಹಿಂದಕ್ಕೆ ಸರಿದಿರುವುದೂ ಉಂಟು. ಒಂದು ಅನುಕೂಲವೂ ಇದೆ. ಅಂಟಿಕೊಂಡ ಕಿಡ್ನಿ ಉಸಿರಾಟದ ಜೊತೆ ಹೆಚ್ಚು ಅಲುಗಾಡುವುದಿಲ್ಲ.

ಹಂತ 1: ಹಳೆಯ ಕಾಗದ ಹುಡುಕಿ

ಇದೇ ಅತಿ ಮುಖ್ಯ ಹಂತ ಎಂದು ನಾನು ನಂಬಿದ್ದೇನೆ. ಹೆಚ್ಚಿನವರು ಬಿಡುವುದೂ ಇದನ್ನೇ. ಸೊಲ್ಲಾಪುರ, ಮಿರಜ, ಹೈದರಾಬಾದ್, ಎಲ್ಲೇ ಆಪರೇಷನ್ ಆಗಿರಲಿ, ಡಿಸ್ಚಾರ್ಜ್ ಕಾಗದ ಮನೆಯ ಟ್ರಂಕಿನಲ್ಲೋ ರೇಷನ್ ಕಾರ್ಡಿನ ಚೀಲದಲ್ಲೋ ಇರುತ್ತದೆ. ಅದರಲ್ಲಿ ‘ಆಪರೇಷನ್ ನೋಟ್’ ಎಂಬ ಭಾಗವಿದ್ದರೆ ಚಿನ್ನ ಸಿಕ್ಕಂತೆ. ಸಿಗದಿದ್ದರೆ ಆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹೆಸರು, ವರ್ಷ ಹೇಳಿ ಪ್ರತಿ ಕೇಳಿ. ಅದೂ ಆಗದಿದ್ದರೆ ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ:

- ಯಾವ ಬದಿ, ಯಾವ ವರ್ಷ, ಎಷ್ಟು ಸಲ. ಕೊಯ್ದದ್ದೇ, ದುರ್ಬೀನೇ, ಹೊರಗಿನಿಂದ ಒಡೆದದ್ದೇ.
- ಕಲ್ಲಿಗಾಗಿಯೇ ಮಾಡಿದ್ದೇ, ಮೂತ್ರನಾಳದ ಕಟ್ಟು ಬಿಡಿಸಲು ಮಾಡಿದ್ದೇ (ಇದಕ್ಕೆ ಪೈಲೋಪ್ಲಾಸ್ಟಿ ಎನ್ನುತ್ತಾರೆ), ಕಿಡ್ನಿಯ ಭಾಗವನ್ನೋ ಪೂರ್ತಿ ಕಿಡ್ನಿಯನ್ನೋ ತೆಗೆದದ್ದೇ.
- ಆಗ ರಕ್ತ ಕೊಟ್ಟಿದ್ದರೇ, ನಂಜಾಗಿತ್ತೇ, ಅರಿವಳಿಕೆಯಿಂದ ತೊಂದರೆಯಾಗಿತ್ತೇ.
- ಟ್ಯೂಬು ಅಥವಾ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದವರೆಗೆ ಒಳಗೇ ಇಡುವ ಕೊಳವೆ) ಹಾಕಿದ್ದರೇ, ಅದನ್ನು ತೆಗೆದದ್ದು ಖಚಿತವೇ.

ಪರೀಕ್ಷೆಗೆ ಹೋದಾಗ ಅಂಗಿ ಎತ್ತಿ ಹಳೆಯ ಗುರುತನ್ನು ವೈದ್ಯರಿಗೆ ತೋರಿಸಿ. ಹೊಲಿಗೆಯ ಜಾಗದಲ್ಲಿ, ಕೆಮ್ಮಿದಾಗ ಅಥವಾ ಎದ್ದು ನಿಂತಾಗ, ಉಬ್ಬು ಕಾಣುತ್ತದೆಯೇ ಎಂದು ಮನೆಯಲ್ಲೇ ಕನ್ನಡಿ ಮುಂದೆ ನೋಡಿಕೊಳ್ಳಿ. ಕಾಣುತ್ತಿದ್ದರೆ ತಪ್ಪದೇ ಹೇಳಿ. ಕೆಲವರಲ್ಲಿ ಅದು ಸ್ನಾಯು ಸಡಿಲಗೊಂಡ ಉಬ್ಬು ಮಾತ್ರ; ಕೆಲವರಲ್ಲಿ ಹರ್ನಿಯಾ, ಅಂದರೆ ಅದರೊಳಗೆ ಕರುಳು ಇಳಿದಿರುತ್ತದೆ. ಸೂಜಿಯ ದಾರಿಯಲ್ಲಿ ಕರುಳು ಇದ್ದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ಎಚ್ಚರಿಕೆ: ‘ಹಳೆಯದನ್ನು ಹೇಳಿದರೆ ಡಾಕ್ಟರು ಆಗುವುದಿಲ್ಲ ಎಂದುಬಿಡುತ್ತಾರೆ’ ಎಂದು ಮುಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂತ 2: ಪರೀಕ್ಷೆಗಳು

ಸೋನೋಗ್ರಫಿಯಲ್ಲಿ ಕಲ್ಲು ಕಂಡಿತು ಎಂದಷ್ಟಕ್ಕೆ ಆಪರೇಷನ್ ದಿನ ಗೊತ್ತು ಮಾಡಬೇಡಿ. ಹಿಂದೆ ಆಪರೇಷನ್ ಆದವರಿಗೆ ಸಿಟಿ ಸ್ಕ್ಯಾನ್ ಬೇಕೇ ಬೇಕು. ಕಲ್ಲಿನ ಅಳತೆ, ಗಡಸುತನ, ಯಾವ ಬಟ್ಟಲಿನಲ್ಲಿದೆ, ಕಿಡ್ನಿ ಊದಿದೆಯೇ, ಕರುಳು ಎಲ್ಲಿದೆ, ಇವೆಲ್ಲ ಅದರಲ್ಲಿ ಕಾಣುತ್ತವೆ. ಬಣ್ಣದ ಔಷಧ ಕೊಡದೆ ತೆಗೆಯುವ ಸಾದಾ ಸಿಟಿ ಕಲ್ಲನ್ನು ನೋಡಲು ಸಾಕು. ಬಟ್ಟಲುಗಳ ಆಕಾರ ಸ್ಪಷ್ಟವಾಗಬೇಕೆಂದರೆ ಬಣ್ಣ ಕೊಟ್ಟು ತೆಗೆಯುತ್ತಾರೆ, ಆದರೆ ಕ್ರಿಯಾಟಿನಿನ್ ಹೆಚ್ಚಿದ್ದರೆ ವೈದ್ಯರು ಯೋಚಿಸುತ್ತಾರೆ. ಕ್ರಿಯಾಟಿನಿನ್ ಎಂದರೆ ರಕ್ತದಲ್ಲಿ ಉಳಿದುಬಿಡುವ ಕಸ. ಕಿಡ್ನಿ ಸೋತಷ್ಟೂ ಅದು ಏರುತ್ತದೆ. ವರದಿ ಮಾತ್ರ ತರಬೇಡಿ, ಫಿಲ್ಮ್ ಮತ್ತು ಸಿ.ಡಿ.ಯನ್ನೂ ಕೇಳಿ ತೆಗೆದುಕೊಳ್ಳಿ. ಸೂಜಿ ಚುಚ್ಚುವ ವೈದ್ಯರು ಚಿತ್ರಗಳನ್ನು ಸ್ವತಃ ನೋಡಬೇಕು.

ಕಲ್ಲಿರುವ ಕಿಡ್ನಿ ಬಹಳ ದಿನ ಊದಿಕೊಂಡಿದ್ದರೆ, ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಡಿಟಿಪಿಎ ಅಥವಾ ಡಿಎಂಎಸ್‌ಎ ಎಂಬ ನ್ಯೂಕ್ಲಿಯರ್ ಸ್ಕ್ಯಾನ್ ಹೇಳಬಹುದು. ಇದು ಎರಡೂ ಕಿಡ್ನಿಗಳ ಪಾಲನ್ನು ಶೇಕಡಾವಾರು ತೋರಿಸುತ್ತದೆ. ಕೆಲಸವೇ ನಿಂತುಹೋದ ಕಿಡ್ನಿಯಲ್ಲಿ ಕಲ್ಲು ತೆಗೆದು ಏನು ಪ್ರಯೋಜನ ಎಂಬ ತೀರ್ಮಾನಕ್ಕೆ ಇದು ಬೇಕು.

ಮೂತ್ರದ ಕಲ್ಚರ್ ಪರೀಕ್ಷೆಯ ಬಗ್ಗೆ ಒತ್ತಿ ಹೇಳಬೇಕು. ಮೂತ್ರದಲ್ಲಿ ಯಾವ ರೋಗಾಣು ಇದೆ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ತಿಳಿಯುವ ಪರೀಕ್ಷೆ ಇದು. ವರದಿಗೆ ಎರಡು ಮೂರು ದಿನ ಹಿಡಿಯುತ್ತದೆ. ಹಳೆಯ ಕಲ್ಲುಗಳ ಒಳಗೆ ರೋಗಾಣುಗಳು ಅಡಗಿರುತ್ತವೆ, ಕಲ್ಲು ಒಡೆದಾಗ ಅವು ರಕ್ತಕ್ಕೆ ಸೇರಿ ನಂಜಾಗಬಹುದು. ಈ ಆಪರೇಷನ್ನಿನಲ್ಲಿ ಪ್ರಾಣಕ್ಕೆ ಎರವಾಗಬಲ್ಲ ತೊಂದರೆಗಳಲ್ಲಿ ಇದು ದೊಡ್ಡದು. ನಮ್ಮವರು ಮಾಡುವ ತಪ್ಪೆಂದರೆ ಮೂತ್ರ ಉರಿಯುತ್ತದೆ ಎಂದು ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗಿ, ಆಮೇಲೆ ಕಲ್ಚರ್‌ಗೆ ಕೊಡುವುದು. ಆಗ ರೋಗಾಣು ಇದ್ದರೂ ವರದಿಯಲ್ಲಿ ಕಾಣದೇ ಹೋಗಬಹುದು. ಕಲ್ಚರ್‌ಗೆ ಕೊಟ್ಟ ನಂತರವೇ ಮಾತ್ರೆ. ಮೊದಲ ಸ್ವಲ್ಪ ಮೂತ್ರ ಬಿಟ್ಟು ನಡುವಿನದನ್ನು ಆಸ್ಪತ್ರೆಯವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ.

ಉಳಿದಂತೆ ಹಿಮೋಗ್ಲೋಬಿನ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ಸಮಯ, ರಕ್ತದ ಗುಂಪು, ಇಸಿಜಿ ಎಂದಿನಂತೆ.

ಒಂದು ಸಂದರ್ಭದಲ್ಲಿ ಇದೆಲ್ಲಕ್ಕೂ ಕಾಯುವಂತಿಲ್ಲ. ಕಲ್ಲಿನ ನೋವಿನ ಜೊತೆ ಚಳಿ ಜ್ವರ ಬಂದರೆ, ಅಥವಾ ಮೂತ್ರ ಪೂರ್ತಿ ನಿಂತರೆ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ. ಕಟ್ಟಿಕೊಂಡ ಕಿಡ್ನಿಯಲ್ಲಿ ನಂಜಾಗಿರಬಹುದು, ಇಲ್ಲವೇ ಮೂತ್ರದ ದಾರಿಯೇ ಪೂರ್ತಿ ಮುಚ್ಚಿರಬಹುದು. ಅಲ್ಲಿ ವೈದ್ಯರು ಮೊದಲು ಸ್ಟೆಂಟ್ ಅಥವಾ ಟ್ಯೂಬು ಹಾಕಿ ಮೂತ್ರ ಹರಿಸುತ್ತಾರೆ, ಕಲ್ಲನ್ನು ಆಮೇಲೆ ತೆಗೆಯುತ್ತಾರೆ. ‘ದುಡ್ಡು ಕೊಟ್ಟರೂ ಕಲ್ಲು ತೆಗೆಯಲಿಲ್ಲ’ ಎಂದು ಜಗಳಕ್ಕೆ ನಿಲ್ಲಬೇಡಿ. ಅದೇ ಸರಿಯಾದ ಕ್ರಮ.

ಹಂತ 3: ಎಲ್ಲಿ, ಹೇಗೆ, ಎಷ್ಟು

ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಮೂರು ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿಂದ ಆರಂಭಿಸಿ. ಅಲ್ಲಿ ಯುರಾಲಜಿ (ಕಿಡ್ನಿ, ಮೂತ್ರನಾಳದ ಆಪರೇಷನ್ ಮಾಡುವ) ತಜ್ಞರು ಯಾವ ದಿನ ಸಿಗುತ್ತಾರೆ ಎಂದು ಹೊರರೋಗಿ ವಿಭಾಗದಲ್ಲಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ಆಮೇಲೆ ಬಿಲ್ ನೋಡಿ ಕಾರ್ಡು ಚಾಚಿದರೆ ಉಪಯೋಗವಿಲ್ಲ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಮೊದಲೇ ಮಾತಾಡಿ. ಹೈದರಾಬಾದ್ ಅಥವಾ ಸೊಲ್ಲಾಪುರಕ್ಕೆ ಹೋಗುವವರು ನಿಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳಿ.

ವೈದ್ಯರ ಮುಂದೆ ಕೂತಾಗ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ:

- ಹಿಂದೆ ಕೊಯ್ದ ಕಿಡ್ನಿಗೆ ನೀವು ಈ ಆಪರೇಷನ್ ಮಾಡಿದ್ದೀರಾ?
- ನನಗೆ ಪಿಸಿಎನ್‌ಎಲ್ ಯಾಕೆ, ಆರ್‌ಐಆರ್‌ಎಸ್ ಯಾಕಲ್ಲ? (ಅಥವಾ ಇದರ ತಿರುವುಮುರುವು.)
- ಒಂದೇ ಸಲಕ್ಕೆ ಕಲ್ಲು ಪೂರ್ತಿ ಹೋಗದಿದ್ದರೆ ಎರಡನೇ ಸಲದ ಖರ್ಚು ಇದರಲ್ಲೇ ಸೇರಿದೆಯೇ? ಸ್ಟೆಂಟ್ ತೆಗೆಯುವ ಖರ್ಚು?
- ಆಪರೇಷನ್ ಆದ ಮೇಲೆ ಜೋರು ರಕ್ತಸ್ರಾವವಾದರೆ ಎಂಬೊಲೈಸೇಷನ್ ಇಲ್ಲೇ ಆಗುತ್ತದೆಯೇ, ಇಲ್ಲವಾದರೆ ಎಲ್ಲಿಗೆ ಕಳಿಸುತ್ತೀರಿ?

ಕೊನೆಯ ಪ್ರಶ್ನೆ ನಮ್ಮ ಭಾಗದವರಿಗೆ ಬಹಳ ಮುಖ್ಯ. ಎಂಬೊಲೈಸೇಷನ್ ಎಂದರೆ ತೊಡೆಯ ರಕ್ತನಾಳದಿಂದ ತೆಳು ಕೊಳವೆ ಕಳಿಸಿ, ಕಿಡ್ನಿಯೊಳಗೆ ಸೋರುತ್ತಿರುವ ನಾಳವನ್ನು ಮುಚ್ಚುವುದು. ಆ ಸೌಲಭ್ಯ ಎಲ್ಲ ಊರಿನಲ್ಲಿ ಇರುವುದಿಲ್ಲ. ಔರಾದ್‌ನ ಅಂಚಿನಲ್ಲೋ ಹುಣಸಗಿಯ ಹಳ್ಳಿಯಲ್ಲೋ ಇರುವವರಿಗೆ ಮಧ್ಯರಾತ್ರಿ ಎಲ್ಲಿಗೆ ಹೋಗಬೇಕು ಎಂಬುದು ಮೊದಲೇ ಗೊತ್ತಿರಬೇಕು.

ಇರುವುದೊಂದೇ ಕಿಡ್ನಿ ಎಂಬವರು ಆಸ್ಪತ್ರೆ ಆಯ್ಕೆ ಮಾಡುವಾಗ ದೂರವೆಂದು ಹಿಂಜರಿಯಬೇಡಿ. ಡಯಾಲಿಸಿಸ್, ಐಸಿಯು, ರಕ್ತನಿಧಿ ಒಂದೇ ಸೂರಿನಡಿ ಇರುವ ಕಡೆಗೇ ಹೋಗಿ.

ಹಂತ 4: ಮಾತ್ರೆಗಳ ಪಟ್ಟಿ

ರಕ್ತ ತೆಳುವಾಗಿಸುವ ಮಾತ್ರೆಗಳು (ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದವು) ತೆಗೆದುಕೊಳ್ಳುತ್ತಿದ್ದರೆ ಅದನ್ನು ಪಟ್ಟಿಯ ತಲೆಯಲ್ಲೇ ಬರೆಯಿರಿ. ಆಪರೇಷನ್ನಿಗೆ ಕೆಲವು ದಿನ ಮೊದಲು ನಿಲ್ಲಿಸಬೇಕಾಗಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ನಿಲ್ಲಿಸಿದರೆ ಹೃದಯಾಘಾತವಾಗಬಹುದು. ಕಲಬುರಗಿಯ ಜಯದೇವದಲ್ಲೋ ನಿಮ್ಮ ಹೃದಯ ವೈದ್ಯರ ಬಳಿಯಲ್ಲೋ ಎಷ್ಟು ದಿನ ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂದು ಕಾಗದದಲ್ಲಿ ಬರೆಸಿಕೊಂಡು ಬನ್ನಿ.

ಸಕ್ಕರೆ ಕಾಯಿಲೆಯವರು ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ಹೇಳಿ. ಅದನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸುವ ಕ್ರಮವಿದೆ. ಪಕ್ಕೆನೋವಿಗೆಂದು ಡೈಕ್ಲೋಫಿನಾಕ್ ಸೂಜಿ, ಮಾತ್ರೆ ಪದೇ ಪದೇ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಸೋತ ಕಿಡ್ನಿಗೆ ಅದು ಇನ್ನಷ್ಟು ಪೆಟ್ಟು ಕೊಡುತ್ತದೆ.

ಬಾಳೆದಿಂಡಿನ ರಸ, ಹುರುಳಿ ಕಷಾಯದ ಬಗ್ಗೆ ಕೇಳುತ್ತೀರಿ. 4-5 ಮಿ.ಮೀ. ಕಲ್ಲುಗಳು ಬಹುಪಾಲು ತಾವಾಗಿಯೇ ಹೋಗುತ್ತವೆ; ಯಾವುದನ್ನು ಕುಡಿದರೂ ಆ ಹೆಸರು ಅದಕ್ಕೇ ಸಿಗುತ್ತದೆ. 2 ಸೆಂ.ಮೀ. ಕಲ್ಲು ಅದರಿಂದ ಕರಗುವುದಿಲ್ಲ. ಮಾತ್ರೆಯಿಂದ ಕರಗಿಸಬಹುದಾದ ಒಂದು ಜಾತಿ ಇದೆ, ಯೂರಿಕ್ ಆಮ್ಲದ ಕಲ್ಲು. ನಿಮ್ಮದು ಅದೇ ಇರಬಹುದೇ ಎಂದು ವೈದ್ಯರನ್ನೇ ಕೇಳಿ.

ಹಂತ 5: ಆಪರೇಷನ್ ದಿನ

ಘನ ಆಹಾರ 6 ಗಂಟೆ ಮೊದಲು ನಿಲ್ಲಿಸಬೇಕು. ಬರಿ ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಅರಿವಳಿಕೆ ವೈದ್ಯರು ಹೇಳುತ್ತಾರೆ. ಬೆನ್ನಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ.

ಒಳಗೆ ನಡೆಯುವುದು ಹೀಗೆ. ಅರಿವಳಿಕೆ ಕೊಟ್ಟ ಮೇಲೆ ಮೂತ್ರದ ದಾರಿಯಿಂದ ತೆಳು ಕೊಳವೆಯೊಂದನ್ನು ಕಿಡ್ನಿಯವರೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಬೋರಲು ಮಲಗಿಸುತ್ತಾರೆ. ಆ ಕೊಳವೆಯಿಂದ ಬಣ್ಣ ತುಂಬಿದಾಗ ಕಿಡ್ನಿಯ ಬಟ್ಟಲುಗಳು ಎಕ್ಸ್‌ರೇ ಪರದೆಯ ಮೇಲೆ ಮೂಡುತ್ತವೆ. ವೈದ್ಯರು ಅದನ್ನು ನೋಡುತ್ತ, ಅಥವಾ ಸೋನೋಗ್ರಫಿ ನೋಡುತ್ತ, ಬೇಕಾದ ಬಟ್ಟಲಿಗೆ ಸೂಜಿ ಗುರಿ ಇಡುತ್ತಾರೆ. ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳು, ಕೊನೆಗೆ ದುರ್ಬೀನು. ಹಳೆಯ ನಾರು ತಡೆಯುವುದು ಕೊಳವೆಗಳನ್ನು ಇಳಿಸುವ ಈ ಘಟ್ಟದಲ್ಲೇ. ಹೊರಗೆ ಕಾಯುತ್ತಿರುವವರು ಹೊತ್ತಾಯಿತೆಂದು ಗಾಬರಿಯಾಗಬೇಡಿ. ದಾರಿ ಸರಿಯಾದ ಮೇಲೆ ಗಾಳಿಯ ಒತ್ತಡದ ಸಾಧನದಿಂದಲೋ ಲೇಸರ್‌ನಿಂದಲೋ ಕಲ್ಲನ್ನು ಒಡೆದು ಚೂರುಗಳನ್ನು ಹೊರಗೆಳೆಯುತ್ತಾರೆ.

ಸುರಕ್ಷಿತವಲ್ಲ ಎನಿಸಿದರೆ ವೈದ್ಯರು ನಡುವೆಯೇ ನಿಲ್ಲಿಸಿ, ಟ್ಯೂಬು ಇಟ್ಟು, ಕೆಲವು ದಿನ ಬಿಟ್ಟು ಮುಂದುವರಿಸಬಹುದು. ಇದನ್ನು ಸೋಲೆಂದು ತಿಳಿಯಬೇಡಿ. ರಕ್ತ ಹರಿಯುತ್ತಿರುವಾಗ ಹಟ ಹಿಡಿದು ಮುಂದುವರಿಸುವವರಿಗಿಂತ ನಿಲ್ಲಿಸಬಲ್ಲವರು ನಂಬಿಕೆಗೆ ಯೋಗ್ಯರು.

ಹಂತ 6: ವಾರ್ಡಿನಿಂದ ಮನೆಗೆ

ಎಚ್ಚರವಾದಾಗ ಬೆನ್ನಿನಲ್ಲಿ ಒಂದು ಟ್ಯೂಬು, ಮೂತ್ರಕ್ಕೆ ಇನ್ನೊಂದು ನಳಿಕೆ ಇರಬಹುದು. ಎರಡನ್ನೂ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಮೂತ್ರ ಮೊದಲಿಗೆ ಕೆಂಪಗೆ, ಆಮೇಲೆ ತಿಳಿಗುಲಾಬಿಯಾಗಿ ಬರುವುದು ಸಹಜ. ಬೆನ್ನಿನ ಟ್ಯೂಬು ತೆಗೆದ ಮೇಲೆ ಆ ರಂಧ್ರದಿಂದ ಒಂದು ದಿನ ನೀರು ಒಸರಬಹುದು, ಬಟ್ಟೆ ಒದ್ದೆಯಾಗಬಹುದು. ಹೆದರಬೇಡಿ, ಆದರೆ ಎರಡು ದಿನವಾದರೂ ನಿಲ್ಲದಿದ್ದರೆ ಹೇಳಿ.

ಮನೆಗೆ ಬಂದ ಮೇಲಿನ ಮೂರು ವಾರ ಎಚ್ಚರದಿಂದಿರಿ. ಗುಣವಾಯಿತು ಎಂದುಕೊಂಡ ಒಂದೆರಡು ವಾರದ ನಂತರವೂ, ಚುಚ್ಚಿದ ಜಾಗದ ರಕ್ತನಾಳ ಒಳಗೆ ಬಲೂನಿನಂತೆ ಉಬ್ಬಿ ಒಡೆಯುವುದುಂಟು. ಅಪರೂಪ, ಆದರೆ ಆದಾಗ ತಡಮಾಡುವಂತಿಲ್ಲ. ಹಾಗಾಗಿ ಭಾರ ಎತ್ತಬೇಡಿ, ಬೈಕು ಮತ್ತು ಟ್ರ್ಯಾಕ್ಟರ್ ಬೇಡ. ತೊಗರಿ ರಾಶಿಯ ಹೊತ್ತಿನಲ್ಲಿ ಆಪರೇಷನ್ ಇಟ್ಟುಕೊಂಡು, ಹತ್ತನೇ ದಿನಕ್ಕೆ ಚೀಲ ಹೊರಲು ಹೋಗುವವರಿದ್ದಾರೆ. ರಾಶಿ ಮುಗಿಸಿಯೇ ದಿನ ಗೊತ್ತು ಮಾಡಿ, ಇಲ್ಲವೇ ಆಳು ಇಡಿ.

ಇವು ಕಂಡರೆ 108ಕ್ಕೆ ಕರೆ ಮಾಡಿ, ಮೊದಲೇ ಕೇಳಿಟ್ಟುಕೊಂಡ ಆಸ್ಪತ್ರೆಗೆ ಹೊರಡಿ: ಮೂತ್ರ ಮತ್ತೆ ಗಾಢ ಕೆಂಪಾಗುವುದು ಅಥವಾ ರಕ್ತದ ಗಡ್ಡೆಗಳು ಬೀಳುವುದು, ಗಡ್ಡೆ ಅಡ್ಡಬಂದು ಮೂತ್ರ ನಿಲ್ಲುವುದು, ನಡುಕದ ಚಳಿ ಜ್ವರ, ಉಸಿರಾಡಲು ಕಷ್ಟ, ತಲೆ ತಿರುಗಿ ಬೀಳುವುದು, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು.

ಹಂತ 7: ಸ್ಟೆಂಟ್ ತೆಗೆಸಿ

ಡಿಜೆ ಸ್ಟೆಂಟ್ ಎಂದರೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಳಗೇ ಇಡುವ ಮೆತ್ತನೆಯ ಕೊಳವೆ. ಎರಡು ತುದಿಗಳಲ್ಲೂ ಸುರುಳಿ. ಹೊರಗೆ ಏನೂ ಕಾಣುವುದಿಲ್ಲ. ಇದ್ದಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಸೆಳೆತ, ನಡೆದಾಗ ಸ್ವಲ್ಪ ರಕ್ತ, ಇವೆಲ್ಲ ಸಾಮಾನ್ಯ. ಕೆಲವು ವಾರಗಳಲ್ಲಿ ಅದನ್ನು ತೆಗೆಸಲೇಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆಯೇ ಕಲ್ಲು ಕಟ್ಟುತ್ತದೆ, ತುಂಡಾಗುತ್ತದೆ, ಕಿಡ್ನಿಯನ್ನೇ ಕಳೆಯಬಹುದು.

ನಮ್ಮಲ್ಲಿ ಇದು ಏಕೆ ಮರೆತುಹೋಗುತ್ತದೆ ಎಂಬುದು ಗೊತ್ತಿರುವ ಸಂಗತಿ. ಆಪರೇಷನ್ ಆಗಿ ನೋವು ಹೋಯಿತು, ಕುಟುಂಬ ಪುಣೆಗೋ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೊರಟಿತು, ಕಾಗದ ತಾಂಡಾದ ಮನೆಯಲ್ಲೇ ಉಳಿಯಿತು. ಆದ್ದರಿಂದ ಡಿಸ್ಚಾರ್ಜ್ ದಿನವೇ ಮೂರು ಕೆಲಸ ಮಾಡಿ. ‘ಸ್ಟೆಂಟ್ ಇದೆಯೇ, ಯಾವ ಬದಿ, ಯಾವ ದಿನಾಂಕದೊಳಗೆ ತೆಗೆಯಬೇಕು’ ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಆ ಹಾಳೆಯ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ. ಊರ ಆಶಾ ಕಾರ್ಯಕರ್ತೆಗೂ ದಿನಾಂಕ ಹೇಳಿ. ದುಡಿಯಲು ಹೊರಡಲೇಬೇಕಾದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯ ಯುರಾಲಜಿ ವಿಭಾಗದಲ್ಲಿ ವಿಚಾರಿಸಿ, ಅಲ್ಲಿಯೂ ತೆಗೆಯಬಹುದು. ದೊಡ್ಡವರಿಗೆ ಇದು ಬಹುತೇಕ ಜಾಗವನ್ನಷ್ಟೇ ಮರಗಟ್ಟಿಸಿ ಮುಗಿಸುವ ಕೆಲವು ನಿಮಿಷಗಳ ಕೆಲಸ.

ಹಂತ 8: ಮತ್ತೆ ಬರದಂತೆ

ತೆಗೆದ ಕಲ್ಲಿನ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಜಾತಿಯದೆಂದು ತಿಳಿಯಿರಿ. ಮುಂದಿನ ಪಥ್ಯ ನಿಂತಿರುವುದು ಅದರ ಮೇಲೆ. ವೈದ್ಯರು ಹೇಳಿದ ತಿಂಗಳಿಗೆ ಸ್ಕ್ಯಾನ್ ಮಾಡಿಸಿ ಚೂರು ಉಳಿದಿದೆಯೇ ನೋಡಿಸಿ. ಉಳಿದ ಚೂರು ಮುಂದಿನ ಕಲ್ಲಿಗೆ ಬೀಜ.

ನೀರನ್ನು ಲೋಟದಲ್ಲಿ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡಿ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗಬೇಕು, ಬಣ್ಣ ತಿಳಿಯಾಗಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊಲಕ್ಕೆ ಹೋಗುವವರಿಗೆ ಇದಕ್ಕಾಗಿ ನಾಲ್ಕೈದು ಲೀಟರ್ ಕುಡಿಯಬೇಕಾಗಬಹುದು. ಹೃದಯ ಅಥವಾ ಕಿಡ್ನಿ ಸೋತವರು ಮಾತ್ರ ವೈದ್ಯರು ಹೇಳಿದ ಅಳತೆಯಲ್ಲೇ ಇರಬೇಕು. ‘ನಮ್ಮ ಸುಣ್ಣದ ನೀರಿನಿಂದಲೇ ಕಲ್ಲು’ ಎಂದು ಹೆದರಿ ನೀರನ್ನೇ ಕಡಿಮೆ ಮಾಡುವವರಿದ್ದಾರೆ. ನೀರಿನ ಗಡಸುತನಕ್ಕಿಂತ ನೀರಿನ ಕೊರತೆಯೇ ದೊಡ್ಡ ಕಾರಣ.

ಹಾಲು, ಮೊಸರು ಬಿಡಬೇಡಿ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಆಕ್ಸಲೇಟ್ ಎಂಬುದು ಸೊಪ್ಪು, ಬೀಜಗಳಲ್ಲಿರುವ, ಕಲ್ಲು ಕಟ್ಟುವ ಅಂಶ. ಪುಂಡಿಪಲ್ಯ, ಪಾಲಕ್, ಶೇಂಗಾ ಹಿಂಡಿಯನ್ನು ಮಿತಿಯಲ್ಲಿ, ಮೊಸರು ಅಥವಾ ಮಜ್ಜಿಗೆಯ ಜೊತೆಗೇ ತಿನ್ನಿ. ಉಪ್ಪಿನಕಾಯಿ, ಹಪ್ಪಳ, ರೊಟ್ಟಿಯ ಜೊತೆ ನೆಂಚಿಕೊಳ್ಳುವ ಉಪ್ಪುಖಾರ ಕಡಿಮೆ ಮಾಡಿ. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಲಿಂಬೆ ಹಿಂಡಿದ ನೀರು ಒಳ್ಳೆಯದು, ಅದಕ್ಕೆ ಉಪ್ಪು ಹಾಕದೆ ಕುಡಿಯಿರಿ. ರಾತ್ರಿ ಮಲಗುವ ಮುನ್ನ ಒಂದು ಲೋಟ ನೀರು ಕುಡಿಯಿರಿ, ನಡುವೆ ಎದ್ದಾಗ ಇನ್ನೊಂದು.